ಐವತ್ತರ ಹತ್ತಿರ, ಟಾಪ್ ತೆರೆಯುವ ಕಾರು

ಈ ವಯಸ್ಸಿನಲ್ಲಿ ಎರಡೇ ಸೀಟಿನ, ಟಾಪ್ ತೆರೆಯುವ ಕಾರು ಬೇಕು ಅಂದರೆ ಜನ ನಗುತ್ತಾರೆ. ನಗಲಿ ಬಿಡಿ. ಹಿಂದಿನ ಸೀಟಿನಲ್ಲಿ ಕೂರುವ ಮಕ್ಕಳು ದೊಡ್ಡವರಾದ ಮೇಲೆ ತಾನೇ ಇಂಥ ಕಾರು ತೊಗೊಳ್ಳೋಕೆ ಆಗುವುದು?

ಪವರ್ ಜಾಸ್ತಿಯಾದಷ್ಟೂ ಮಜಾ ಜಾಸ್ತಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ನೋಡಿ. ಮೊದಲ ಮಾದರಿಯಲ್ಲಿ ಇದ್ದದ್ದು 1.6 ಲೀಟರ್ ಎಂಜಿನ್, ತೂಕ ಸುಮಾರು ಒಂದು ಟನ್. ಎಂಜಿನ್ ಮುಂದೆ, ಪವರ್ ಹಿಂದಿನ ಚಕ್ರಕ್ಕೆ. ಅಷ್ಟೇ. 2016ರ ಹೊತ್ತಿಗೆ ಹತ್ತು ಲಕ್ಷ ಕಾರು ತಯಾರಾಗಿದ್ದವು! ಹಗುರವಾದ ಕಾರು ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದೆ, ಕಡಿಮೆ ವೇಗದಲ್ಲೂ ಖುಷಿ ಕೊಡುತ್ತದೆ. ಪೋರ್ಷೆ ಬಾಕ್ಸ್‌ಸ್ಟರ್ ಇನ್ನೂ ಚೆಂದ, ಎಂಜಿನ್ ಬೆನ್ನ ಹಿಂದೆಯೇ ಗುರುಗುಡುತ್ತದೆ. ಆದರೆ ರಿಪೇರಿ ಬಿಲ್ಲೂ ಹಾಗೇ ಗುರುಗುಡುತ್ತದೆ, ಅಲ್ವಾ?

ಹಳೆಯ ಕಾರು ನೋಡುವುದಾದರೆ ಪೇಂಟಿಗೆ ಮರುಳಾಗಬೇಡಿ. ಸೀಟಿನ ಹಿಂದೆ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ. ಒದ್ದೆ ಹತ್ತಿದರೆ, ಟಾಪಿನ ಮಳೆನೀರು ಹರಿದುಹೋಗುವ ತೂತಿನಲ್ಲಿ ಎಲೆ, ಕಸ ಕಟ್ಟಿರಬಹುದು. ಹಾಗೇ ಬಿಟ್ಟರೆ ಕೆಳಗೆ ತುಕ್ಕು. ಬಟ್ಟೆಯ ಟಾಪ್ ಮಡಚುವ ಜಾಗದಲ್ಲೂ ಬೆರಳಾಡಿಸಿ, ಮೊದಲು ಸವೆಯುವುದು ಅಲ್ಲೇ.

ಆಮೇಲೆ ಮಂಡಿಯ ವಿಷಯ. ಕೂರುವುದೇನೋ ಸುಲಭ, ಸುಮ್ನೆ ಬಿದ್ದರಾಯಿತು. ಏಳುವುದೇ ಕಷ್ಟ. ಟಾಪ್ ಮುಚ್ಚಿಟ್ಟು ನಾಲ್ಕೈದು ಸಲ ಹತ್ತಿ ಇಳಿದು ನೋಡಿ. ಸೇಲ್ಸ್‌ನವರು ನೋಡುತ್ತಿದ್ದರೂ ಪರವಾಗಿಲ್ಲ.

ನಾನು ಮ್ಯಾನುವಲ್ ಗೇರೇ ಅಂತ ತೀರ್ಮಾನಿಸಿದ್ದೇನೆ. ಕೆಂಪಾ, ಹಸಿರಾ ಅಂತ ಮನೆಯಲ್ಲಿ ಇನ್ನೂ ಜಗಳ ನಡೆಯುತ್ತಿದೆ.