‘ನಮ್ಮ ಹುಡುಗ’

ಎಂಜಿನಿಯರಿಂಗ್ ಓದುವ ಹುಡುಗನಿಗೆ ಸ್ಕಾಲರ್‌ಶಿಪ್ ಕೊಡುವುದು ಸಲೀಸು. ಕೊಟ್ಟವರಿಗೂ ಖುಷಿ, ತಗೊಂಡವರಿಗೂ ಖುಷಿ. ನಾಳೆ ಅವನು ಕಟ್ಟಿದ ಸೇತುವೆ ಮೇಲೆ ದಾನಿಯ ಕಾರು ಓಡಿದರೆ ಯಾರ ಗಂಟೇನೂ ಹೋಗುವುದಿಲ್ಲ. ಪತ್ರಿಕೋದ್ಯಮ ಓದುವವರ ವಿಷಯ ಹಾಗಲ್ಲ ಅಂತ ತಿಳಿಯುವುದಕ್ಕೆ ನನಗೆ ಎಂಟು ವರ್ಷ ಹಿಡಿಯಿತು.

2011ರಲ್ಲಿ ನಮ್ಮ ಪತ್ರಿಕೆಯ ಡೆಸ್ಕಿನ ಹಿರಿಯರೊಬ್ಬರು ತೀರಿಕೊಂಡರು. ಮೊಫಸಿಲ್ ಪುಟ, ಅಂದರೆ ಹೊರಗಿನ ಊರುಗಳ ಸುದ್ದಿಯ ಪುಟ ನೋಡುತ್ತಿದ್ದವರು. ತಾಲ್ಲೂಕಿನ ಬಿಡಿ ಸುದ್ದಿಗಾರರು ಕಳಿಸಿದ ಕಾಪಿಯನ್ನು ಕೆಂಪು ಪೆನ್ನಲ್ಲಿ ತಿದ್ದಿ, ಯಾಕೆ ತಿದ್ದಿದೆ ಅಂತ ಅಂಚಿನಲ್ಲಿ ಬರೆದು, ಬರೆದವರಿಗೇ ವಾಪಸ್ ಪೋಸ್ಟ್ ಮಾಡುತ್ತಿದ್ದರು. ಸ್ಟಾಂಪಿನ ಖರ್ಚು ಅವರದೇ. ಅವರ ನೆನಪಿಗೆ ಏಳು ಜನ ಸೇರಿ ಟ್ರಸ್ಟ್ ಮಾಡಿದೆವು. ಕೈಗೆ ಬಂದದ್ದು ಆರು ಲಕ್ಷ. ಆಗ ಠೇವಣಿಗೆ ನೂರಕ್ಕೆ ಒಂಬತ್ತರ ಆಸುಪಾಸು ಬಡ್ಡಿ. ಐದು ಮಂದಿ ಎಂ.ಎ. ವಿದ್ಯಾರ್ಥಿಗಳಿಗೆ ತಲಾ ಹತ್ತು ಸಾವಿರ ಅಂತ ಲೆಕ್ಕ ಹಾಕಿಕೊಂಡೆವು.

ಮೊದಲ ತಪ್ಪು ಸಮಾರಂಭದ್ದು. ಜುಲೈ 1 ಪತ್ರಿಕಾ ದಿನ. 1843ರಲ್ಲಿ ಅವತ್ತು ಮಂಗಳೂರಿನಲ್ಲಿ ಜರ್ಮನ್ ಪಾದ್ರಿ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ದ ಬೆಲೆ ಒಂದು ದುಡ್ಡು. ಅದರ ಹೆಸರಲ್ಲಿ ನಾವು ಮಾಡಿದ ಕಾರ್ಯಕ್ರಮಕ್ಕೆ ಹದಿನೆಂಟು ಸಾವಿರ! ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಎಲ್ಲ ದಾನಿಗಳಿಗೆ. ಮಕ್ಕಳು ಒಬ್ಬೊಬ್ಬರಾಗಿ ವೇದಿಕೆ ಹತ್ತಿ, ದಾನಿಗಳ ಕಾಲಿಗೆ ಬಿದ್ದು, ಚೆಕ್ ಹಿಡಿದು ಫೋಟೊಗೆ ನಿಂತರು. ಮುಂದೆ ಪ್ರಶ್ನೆ ಕೇಳಬೇಕಾದವರನ್ನು ಮೊದಲ ಹೆಜ್ಜೆಗೇ ಕಾಲಿಗೆ ಬೀಳಿಸಿದ್ದೆವು. ಅವತ್ತು ನನಗದು ಹೊಳೆಯಲಿಲ್ಲ. ನಾನೇ ನಿರೂಪಣೆ ಮಾಡುತ್ತಿದ್ದೆ.

2016ರಲ್ಲಿ ಬಡಾವಣೆ ಮಾಡಿ ಮಾರುವ ಒಬ್ಬರು ಒಂದೇ ಏಟಿಗೆ ಒಂದು ಲಕ್ಷ ಕೊಟ್ಟರು. ಒಳ್ಳೆಯ ಮನುಷ್ಯರೇ, ಬಡತನ ಕಂಡವರು. ಮೂರು ವರ್ಷದ ಮೇಲೆ ಒಂದು ಸಂಜೆ ಫೋನ್ ಮಾಡಿದರು. “ಸಾರ್, ನಮ್ಮ ಹುಡುಗ ಒಬ್ಬ ಆ ಪೇಪರಿನಲ್ಲಿದ್ದಾನಲ್ಲ, ಕೆರೆ ಕಾಲುವೆ ವಿಷಯ ಕೆದಕ್ತಾ ಇದಾನಂತೆ. ಸ್ವಲ್ಪ ಹೇಳಿ.” ಬೆದರಿಕೆಯಿಲ್ಲ, ಜೋರು ದನಿಯಿಲ್ಲ. ‘ನಮ್ಮ ಹುಡುಗ’ ಅಂದರು, ಅಷ್ಟೆ.

ಅದೇ ರಾತ್ರಿ ಹುಡುಗನ ಫೋನೂ ಬಂತು. “ಸರ್, ನನ್ನ ಎರಡನೇ ವರ್ಷದ ಫೀಸು ಅವರ ದುಡ್ಡು. ಬರೀಲಾ?”

ಬರಿ ಅಂದೆ. ಆದರೆ ಬಾಯಿಂದ ಮಾತು ಹೊರಡುವ ಮುಂಚೆ ಟ್ರಸ್ಟಿನ ಪಾಸ್‌ಬುಕ್ ಕಣ್ಣ ಮುಂದೆ ಬಂತು. ನಮ್ಮಲ್ಲಿ ಉಂಡ ಮನೆಗೆ ಎರಡು ಬಗೆಯಬೇಡ ಅಂತ ಹೇಳಿಯೇ ಮಕ್ಕಳನ್ನು ಬೆಳೆಸುತ್ತೇವೆ. ಆ ಹುಡುಗ ಅದನ್ನೇ ಕೇಳಿದ್ದ, ಬೇರೆ ಮಾತಿನಲ್ಲಿ. ವರದಿ ಮೂರು ದಿನಕ್ಕೆ ಬಂತು. ಬಡಾವಣೆಯ ಹೆಸರು ಅದರಲ್ಲಿ ಇರಲಿಲ್ಲ. ಡೆಸ್ಕಿನಲ್ಲಿ ತೆಗೆದರೋ, ಅವನೇ ಬಿಟ್ಟನೋ, ನಾನು ಕೇಳಲಿಲ್ಲ.

ಆ ವರ್ಷವೇ ಸಮಾರಂಭ ನಿಲ್ಲಿಸಿದೆವು. ಈಗ ಯಾರ ದುಡ್ಡು ಯಾರಿಗೆ ಅಂತ ಇಬ್ಬರಿಗೂ ಹೇಳುವುದಿಲ್ಲ. ಎಲ್ಲ ಒಂದೇ ಹುಂಡಿಗೆ. ದಾನಿಗಳ ವಿವರ ಆದಾಯ ತೆರಿಗೆ ಇಲಾಖೆಗೆ ಹೋಗುತ್ತದೆ. ಇಲಾಖೆಗೆ ಗೊತ್ತಿರುವುದು ಹುಡುಗರಿಗೆ ಗೊತ್ತಿಲ್ಲ. ಈ ನಿಯಮ ಕೇಳಿ ಅರ್ಧದಷ್ಟು ದಾನಿಗಳು ಮೆಲ್ಲಗೆ ಜಾರಿಕೊಂಡರು. “ಮುಖ ನೋಡದೆ ಹೇಗೆ ಕೊಡೋದು ಸಾರ್?” ಅಂದರು ಒಬ್ಬರು. ಸಾಲದ್ದಕ್ಕೆ 2020ರಲ್ಲಿ ಬಡ್ಡಿ ಐದರ ಚಿಲ್ಲರೆಗೆ ಇಳಿಯಿತು. ಐದಿದ್ದ ವಿದ್ಯಾರ್ಥಿವೇತನ ಮೂರಾಯಿತು.

ಅಮೆರಿಕದಲ್ಲಿರುವ ಹಳೆಯ ಗೆಳೆಯನೊಬ್ಬ ಕೊರತೆ ತುಂಬಿಕೊಡುತ್ತೇನೆ ಅಂದ. ಅವನೀಗ ಅಲ್ಲಿನ ಪ್ರಜೆ. ಹಾಗಾಗಿ ಅವನ ದುಡ್ಡು ಕಾನೂನಿನ ಪ್ರಕಾರ ವಿದೇಶಿ ದೇಣಿಗೆ. ಅದಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ಅಡಿ ನೋಂದಣಿ ಬೇಕು. ಅದು ಸಿಗಬೇಕಾದರೆ ಹಿಂದಿನ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ಖರ್ಚು ತೋರಿಸಬೇಕು. ನಾವು ಹುಟ್ಟಿದಾಗಿನಿಂದ ಅಷ್ಟು ಖರ್ಚು ಮಾಡಿಲ್ಲ. ದುಬೈನಲ್ಲಿರುವ ಇನ್ನೊಬ್ಬನ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟ್ ಇದೆ, ಅವನ ಸಂಬಳದ ದುಡ್ಡಿಗೆ ಈ ರಗಳೆಯಿಲ್ಲ. ಇಬ್ಬರೂ ಒಂದೇ ಬೆಂಚಿನವರು.

ಆಯ್ಕೆಯಲ್ಲೂ ಬದಲಾವಣೆ ಮಾಡಿದೆವು. ಅಂಕಪಟ್ಟಿ ಕೇಳುವುದಿಲ್ಲ. ಈ ವಾರ ನಿಮ್ಮೂರಲ್ಲಿ ಕಣ್ಣಾರೆ ಕಂಡದ್ದನ್ನು ಮುನ್ನೂರು ಪದದಲ್ಲಿ ಬರೆದು ಕಳಿಸಿ, ಅಷ್ಟೆ. ಹೆಸರು, ಕಾಲೇಜು ಮುಚ್ಚಿ ನಂಬರ್ ಹಾಕಿ ಓದುತ್ತೇವೆ. ಈಗೀಗ ಎಐ ಬರೆದುಕೊಟ್ಟದ್ದೂ ಬರುತ್ತದೆ. ಹಿಡಿಯುವುದು ಕಷ್ಟವಲ್ಲ, ಅವುಗಳಲ್ಲಿ ಎಲ್ಲ ಊರೂ ‘ಪ್ರಕೃತಿಯ ಮಡಿಲಲ್ಲಿ’ ಇರುತ್ತವೆ.

ಹೋದ ವರ್ಷದ ಹನ್ನೊಂದನೇ ನಂಬರಿನದು ಹಾಲಿನ ಡೈರಿಯ ಬಗ್ಗೆ. ಬೆಳಿಗ್ಗೆ ಆರೂವರೆಯ ಸಾಲು, ಕ್ಯಾನು, ಫ್ಯಾಟ್ ಅಳೆಯುವ ಮೆಷಿನ್ನು. ಕೊನೆಯಲ್ಲಿ ಒಂದು ಸಾಲು: ಮೆಷಿನ್ನಿನ ಅಂಕಿ ಕಾಣುವ ಮುಖ ಬರೆದುಕೊಳ್ಳುವವನ ಕಡೆಗಿತ್ತು, ಹಾಲು ಹಾಕುವವರ ಕಡೆಗಲ್ಲ, ನಮ್ಮಮ್ಮ ಹತ್ತು ವರ್ಷದಿಂದ ಅವನು ಹೇಳಿದ್ದನ್ನೇ ಕೇಳಿಸಿಕೊಂಡು ಬರುತ್ತಿದ್ದಾರೆ. ಮೂವರು ಓದುಗರೂ ಆ ಸಾಲಿನ ಕೆಳಗೇ ಗೆರೆ ಎಳೆದಿದ್ದೆವು. ಫೀಸು ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲಿ ಹೇಗೋ ಆಗುತ್ತೆ ಸರ್, ಬೆಂಗಳೂರಿನಲ್ಲಿ ಎರಡು ತಿಂಗಳು ಸಂಬಳವಿಲ್ಲದ ಇಂಟರ್ನ್‌ಶಿಪ್ ಇದೆ, ಪಿ.ಜಿ. ಬಾಡಿಗೆಗೇ ದಾರಿಯಿಲ್ಲ ಅಂದಳು ಅದನ್ನು ಬರೆದ ಹುಡುಗಿ. ಅಂದಿನಿಂದ ನಮ್ಮ ದುಡ್ಡು ಫೀಸಿಗಲ್ಲ, ಬಾಡಿಗೆಗೆ ಮತ್ತು ಬಸ್ ಪಾಸಿಗೆ.

ಉಳಿದ ದಾನಿಗಳಲ್ಲಿ ನಿವೃತ್ತ ಕನ್ನಡ ಮೇಡಂ ಒಬ್ಬರಿದ್ದಾರೆ. ತಿಂಗಳಿಗೆ ಐನೂರು, ಕವರಿನಲ್ಲಿ ಹಾಕಿ ತಾವೇ ಮನೆಗೆ ತಂದುಕೊಡುತ್ತಾರೆ. ಮೊನ್ನೆ ಕವರಿನ ಜೊತೆ ಪತ್ರಿಕೆಯ ತುಣುಕೊಂದನ್ನು ಮಡಚಿ ತಂದಿದ್ದರು. ಬೈಲೈನ್ ಮೇಲೆ, ವರದಿ ಬರೆದವರ ಹೆಸರಿನ ಮೇಲೆ ಬೆರಳಿಟ್ಟು, “ಈ ಹುಡುಗಿ ನಮ್ಮವಳಾ?” ಅಂದರು.

ಅಲ್ಲ. ಅದರ ಪಕ್ಕದ ಕಾಲಮ್ಮಿನಲ್ಲಿ ಅರ್ಧಕ್ಕೆ ಕತ್ತರಿ ಬಿದ್ದಿದ್ದ ವರದಿ ನಮ್ಮವಳದು.

“ಗೊತ್ತಿಲ್ಲ ಮೇಡಂ” ಅಂದು ರಸೀದಿ ಬರೆದುಕೊಟ್ಟೆ.