ಹೆಸರಿಲ್ಲದ ಸೇವಕನ ಅಧ್ಯಾಯ

ಇಸ್ರೇಲಿನಲ್ಲಿ ನಾನು ನೋಡಿಕೊಳ್ಳುವ ಅಜ್ಜನನ್ನು ಇಲ್ಲಿಯವರ ಹಾಗೆ ಸಾಬಾ ಅಂತಲೇ ಕರೆಯುತ್ತೇನೆ. ಮಂಗಳೂರು, ಉಡುಪಿ ಕಡೆಯಿಂದ ಇಂಥ ಕೆಲಸಕ್ಕೆ ಬಂದವರು ಇಲ್ಲಿ ಸುಮಾರು ಜನ ಇದ್ದೇವೆ. ಶನಿವಾರ ಬೆಳಿಗ್ಗೆ ಗಾಲಿಕುರ್ಚಿಯಲ್ಲಿ ಅವರನ್ನು ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ಕರೆದೊಯ್ದು, ಪಕ್ಕದಲ್ಲೇ ಕೂರುತ್ತೇನೆ.

ಯಹೂದಿಗಳು ಟೋರಾವನ್ನು, ಅಂದರೆ ಬೈಬಲಿನ ಮೊದಲ ಐದು ಪುಸ್ತಕಗಳನ್ನು, 54 ಭಾಗ ಮಾಡಿಕೊಂಡು ವರ್ಷಕ್ಕೊಮ್ಮೆ ಓದಿ ಮುಗಿಸುತ್ತಾರೆ. ವಾರದ ಪಾಲಿಗೆ ಪರಾಶಾ ಅನ್ನುತ್ತಾರೆ. ಬರೀ ಕೇಳಿದರೆ ಸಾಲದು, ಪ್ರತಿಯೊಬ್ಬರೂ ಮೊದಲೇ ಮೂಲವನ್ನು ಎರಡು ಸಲ, ಅರಾಮಿಕ್ ಎಂಬ ಹಳೆಯ ಭಾಷೆಯ ಅನುವಾದವನ್ನು ಒಂದು ಸಲ ಓದಿಕೊಳ್ಳಬೇಕು. ಸಾಬಾ ಶುಕ್ರವಾರ ಅದನ್ನು ಓದುವಾಗ ನಾನು ನನ್ನ ಕನ್ನಡ ಬೈಬಲ್, ಸತ್ಯವೇದ, ತೆರೆದು ಕೂರುತ್ತೇನೆ.

ಆ ವಾರದ ಪರಾಶಾ 'ಹಯೇ ಸಾರಾ'. ಯಹೂದಿಗಳ ಮೂಲಪುರುಷ ಅಬ್ರಹಾಮನ ಹೆಂಡತಿ ಸಾರಳು 127ನೇ ವಯಸ್ಸಿನಲ್ಲಿ ತೀರಿಕೊಳ್ಳುತ್ತಾಳೆ. ಹೆಬ್ರೋನಿನಲ್ಲಿ ಅಬ್ರಹಾಮ ಅವಳ ಸಮಾಧಿಗೆ 400 ಶೆಕೆಲ್ ಬೆಳ್ಳಿ ಕೊಟ್ಟು ಜಾಗ ಕೊಳ್ಳುತ್ತಾನೆ. ಆಮೇಲೆ ಬರುವುದು ಆದಿಕಾಂಡದ 24ನೇ ಅಧ್ಯಾಯ. ಮಗ ಇಸಾಕನಿಗೆ ಹೆಣ್ಣು ಹುಡುಕಲು ಅಬ್ರಹಾಮನ ಸೇವಕ ಹತ್ತು ಒಂಟೆಗಳೊಂದಿಗೆ ದೂರದ ಊರಿಗೆ ಹೋಗುತ್ತಾನೆ. ಇಡೀ ಅಧ್ಯಾಯದಲ್ಲಿ ಅವನ ಹೆಸರೇ ಇಲ್ಲ! ಸಂಪ್ರದಾಯ ಮಾತ್ರ ಅವನನ್ನು ಎಲೀಯೆಜರ ಅನ್ನುತ್ತದೆ.

ಬಾವಿಯ ಹತ್ತಿರ ರೆಬೆಕ್ಕ ಎಂಬ ಹುಡುಗಿ ಅವನಿಗೂ ಒಂಟೆಗಳಿಗೂ ನೀರು ಸೇದಿ ಕೊಡುತ್ತಾಳೆ. ಅವನು ಮೂಗುತಿ, ಬಳೆ ಕೊಟ್ಟು, ಆಮೇಲೆ ನೀನು ಯಾರ ಮಗಳು ಅಂತ ಕೇಳುತ್ತಾನೆ. ಮನೆಗೆ ಕರೆದು ಊಟ ಬಡಿಸಿದರೆ, ಬಂದ ಕೆಲಸ ಹೇಳುವ ತನಕ ಉಣ್ಣುವುದಿಲ್ಲ ಅನ್ನುತ್ತಾನೆ. ಆಮೇಲೆ ನಡೆದದ್ದನ್ನೆಲ್ಲ ಮೊದಲಿಂದ ಹೇಳುತ್ತಾನೆ. ಟೋರಾ ಅದನ್ನು ಎರಡನೇ ಸಲವೂ ಪೂರ್ತಿ ಬರೆಯುತ್ತದೆ. "ಇಷ್ಟುದ್ದ ಯಾಕೆ ಸಾಬಾ?" ಅಂದೆ.

ಅವರು ಪುಟದ ಕೆಳಗಿನ ಸಣ್ಣ ಅಕ್ಷರ ತೋರಿಸಿದರು. ಅದು ರಶಿಯ ವ್ಯಾಖ್ಯಾನ. 11ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿದ್ದ ಪಂಡಿತ ಅವನು. ಅಬ್ರಹಾಮನಂಥ ಹಿರಿಯರ ಮನೆಯ ಸೇವಕರ ಮಾತು ಅವರ ಮಕ್ಕಳ ಟೋರಾಕ್ಕಿಂತ, ಅಂದರೆ ಧರ್ಮಬೋಧೆಗಿಂತ, ದೇವರಿಗೆ ಹೆಚ್ಚು ಇಷ್ಟ, ಅದಕ್ಕೇ ಎರಡು ಸಲ ಬಂದಿದೆ. ದೊಡ್ಡ ದೊಡ್ಡ ನಿಯಮಗಳು ಬರೀ ಸೂಚನೆಯಲ್ಲೇ ಬಂದಿವೆ ಅನ್ನುತ್ತಾನೆ. ಇನ್ನೊಂದು ಸಂಗತಿಯನ್ನೂ ಅವನು ಹಿಡಿದಿದ್ದಾನೆ. ಎರಡನೇ ಸಲ ಹೇಳುವಾಗ ಸೇವಕ ಮೊದಲು ಮನೆತನ ಕೇಳಿದೆ, ಆಮೇಲೆ ಒಡವೆ ಕೊಟ್ಟೆ ಅನ್ನುತ್ತಾನೆ. ಯಾರೆಂದು ತಿಳಿಯದೆ ಹೇಗೆ ಕೊಟ್ಟೆ ಅಂತ ಹುಡುಗಿಯ ಮನೆಯವರು ಕೇಳಬಾರದಲ್ವಾ? ಇನ್ನೊಬ್ಬರ ಮನೆಯಲ್ಲಿ ದುಡಿಯುವ ನನಗೆ ಆ ಎಚ್ಚರ ಚೆನ್ನಾಗಿ ಗೊತ್ತು. ಪರಾಶಾ ಓದುವ ರೀತಿಯೇ ಇದು ಅಂತ ಆವತ್ತು ಅರ್ಥವಾಯಿತು. ಕತೆ ಎಲ್ಲರಿಗೂ ಗೊತ್ತು. ಎಲ್ಲಿ ಜಾಸ್ತಿ ಹೇಳಿದೆ, ಎಲ್ಲಿ ಬದಲಾಗಿದೆ ಅಂತ ನೋಡಬೇಕು.

ಶನಿವಾರ ಟೋರಾದ ಸುರುಳಿ ಓದುವವರು ಸೇವಕನ ಪ್ರಾರ್ಥನೆಗೆ ಬಂದಾಗ 'ವಯ್ಯೋಮರ್' ಎಂಬ ಪದವನ್ನು ಏರಿಳಿಸಿ ತುಂಬಾ ಹೊತ್ತು ಎಳೆದರು. "ಅವನು ಹೇಳಿದನು" ಅಂತಷ್ಟೇ ಇರುವ ಪದ. ಶಲ್ಶೆಲೆತ್ ಎಂಬ ಆ ರಾಗ ಇಡೀ ಟೋರಾದಲ್ಲಿ ನಾಲ್ಕೇ ಕಡೆ ಬರುತ್ತದಂತೆ. ಸೇವಕನಿಗೂ ಒಬ್ಬ ಮಗಳಿದ್ದಳು, ಅವಳನ್ನೇ ಇಸಾಕನಿಗೆ ಕೊಡುವ ಆಸೆಯಿತ್ತು, ಅದಕ್ಕೇ ತಡವರಿಸಿದ, ಎಳೆದ ರಾಗ ಅದನ್ನೇ ತೋರಿಸುತ್ತದೆ ಅನ್ನುತ್ತಾರೆ.

ನನಗೆ ಹಾಗನ್ನಿಸಲಿಲ್ಲ. ಅವನು "ನನ್ನ ಧಣಿ ಅಬ್ರಹಾಮನ ದೇವರೇ" ಅಂತ ಶುರು ಮಾಡುತ್ತಾನೆ. ಪರಊರಿನಲ್ಲಿ ನಿಂತು, ಇನ್ನೊಬ್ಬರ ದೇವರ ಹತ್ತಿರ ಇನ್ನೊಬ್ಬರಿಗಾಗಿ ಬೇಡುವವನಿಗೆ ಮಾತು ಬೇಗ ಹೊರಡುವುದಿಲ್ಲ. ಸಾಬಾಗೆ ಹಾಗೇ ಹೇಳಿದೆ.

ಪ್ರಾರ್ಥನೆ ಮುಗಿದು ಎಲ್ಲರೂ ದ್ರಾಕ್ಷಾರಸ, ತಿಂಡಿಗೆ ಸೇರಿದಾಗ ಅವರು ನನ್ನ ಕಡೆ ಕೈ ತೋರಿಸಿ, "ಇವನು ಹೇಳಿದ್ದು ಕೇಳಿ" ಅಂತ ಅದನ್ನು ಸ್ನೇಹಿತರ ಮುಂದಿಟ್ಟರು. ಒಬ್ಬರು ಒಪ್ಪಲಿಲ್ಲ. ಹಾಗಿದ್ದರೆ ರಾಗ 'ಧಣಿ' ಎಂಬ ಪದದ ಮೇಲೆ ಇರಬೇಕಿತ್ತು ಅಂದರು. ಸಾಬಾ ಬಿಡಲಿಲ್ಲ: "ಬಾಯಿ ತೆರೆಯುವ ಮೊದಲೇ ಅಲ್ವಾ ಮನುಷ್ಯ ತಡವರಿಸೋದು?"