ಚೆಂಡಿಲ್ಲದ ಕಡೆ ನೋಡಿದ ಸಂಜೆ

ಲಿಥುವೇನಿಯಾದ ಕೌನಸ್ ನಗರದಲ್ಲಿ, ಓಕ್ ಮರಗಳ ದೊಡ್ಡ ತೋಪಿಗೆ ಹೊಂದಿಕೊಂಡಿರುವ ದಾರಿಯುಸ್ ಮತ್ತು ಗಿರೇನಸ್ ಕ್ರೀಡಾಂಗಣವು ನವೀಕರಣಗೊಂಡು 2022ರಲ್ಲಿ ಮತ್ತೆ ತೆರೆಯಿತು. ಉದ್ಯೋಗದ ನಿಮಿತ್ತ ಆ ಊರಿನಲ್ಲಿ ನೆಲೆಸಿದ್ದ ನನ್ನನ್ನು, ನಮ್ಮ ಮಹಡಿಯಲ್ಲೇ ವಾಸವಾಗಿದ್ದ ನಿವೃತ್ತ ವ್ಯಾಯಾಮ ಶಿಕ್ಷಕರೊಬ್ಬರು ಬೇಸಿಗೆಯ ಒಂದು ಸಂಜೆ ಫುಟ್‌ಬಾಲ್ ಲೀಗ್ ಪಂದ್ಯ ನೋಡಲು ಅಲ್ಲಿಗೆ ಕರೆದೊಯ್ದರು. ಆತಿಥೇಯ ತಂಡದ ಬಲಬದಿಯ ರಕ್ಷಣಾ ಆಟಗಾರ ಕಣ್ಣೆದುರಿಗೇ ಕಾಣುವಂತಹ ಜಾಗವನ್ನು ಅವರು ಬೇಕೆಂದೇ ಆರಿಸಿದ್ದರು. ಮೊದಲರ್ಧ ಮುಗಿಯುವ ತನಕ ಚೆಂಡನ್ನು ಬಿಟ್ಟು ಆ ಒಬ್ಬನನ್ನೇ ನೋಡಬೇಕೆಂಬುದು ಅವರ ಷರತ್ತಾಗಿತ್ತು.

ಟಿವಿ ಸದಾ ಚೆಂಡನ್ನೇ ಹಿಂಬಾಲಿಸುವುದರಿಂದ ನನಗೆ ಎಂದೂ ಕಾಣದಿದ್ದ ದುಡಿಮೆ ಅಂದು ಕಂಡಿತು. ಚೆಂಡು ಮೈದಾನದ ಆಚೆ ಬದಿಯಲ್ಲಿರುವಾಗ ಆತ ಒಳಕ್ಕೆ ಸರಿದು ನಡುವಿನ ರಕ್ಷಕನಿಗೆ ಆಸರೆಯಾಗುತ್ತಿದ್ದ. ಚೆಂಡು ಈಚೆ ಬರುವ ಸೂಚನೆ ಸಿಕ್ಕೊಡನೆ ಹೆಗಲ ಮೇಲಿಂದ ತಿರುಗಿ ಎದುರಾಳಿ ಎಲ್ಲಿದ್ದಾನೆಂದು ಖಚಿತಪಡಿಸಿಕೊಂಡು ಅಂಚಿನತ್ತ ಧಾವಿಸುತ್ತಿದ್ದ. ಅಪಾಯ ಕಳೆದ ಮೇಲೆ ಉಳಿದ ಮೂವರೊಡನೆ ಒಂದೇ ಸಾಲಿನಲ್ಲಿ ಮುಂದೆ ಬರುತ್ತಿದ್ದ. ಒಬ್ಬ ಹಿಂದುಳಿದರೂ ಎದುರಾಳಿಯನ್ನು ಆಫ್‌ಸೈಡಿಗೆ (ರಕ್ಷಣಾ ಸಾಲನ್ನು ದಾಟಿ ನಿಂತು ಚೆಂಡು ಪಡೆಯುವ ತಪ್ಪಿಗೆ) ಸಿಲುಕಿಸುವ ಲೆಕ್ಕಾಚಾರವೆಲ್ಲ ಕೆಡುತ್ತದೆ. ಇಷ್ಟೆಲ್ಲ ಓಡಾಟದಲ್ಲಿ ಅವನ ಕಾಲಿಗೆ ಚೆಂಡು ತಗುಲಿದ್ದು ಅಪರೂಪ.

ಇದೇ ಊರಿನಲ್ಲಿ 1981ರಲ್ಲಿ ಹುಟ್ಟಿದ ಮಾರಿಯುಸ್ ಸ್ಟಾಂಕೆವಿಚ್ಯುಸ್ ಇಂತಹ ಕೆಲಸವನ್ನೇ ಮಾಡಿ ಇಟಲಿ, ಸ್ಪೇನ್‌ಗಳ ಉನ್ನತ ಲೀಗ್‌ಗಳವರೆಗೆ ಹೋದನೆಂದು ಮಧ್ಯಂತರದಲ್ಲಿ ಶಿಕ್ಷಕರು ಹೇಳತೊಡಗಿದರು. ಆ ಮಾತಿನ ತೂಕ ತಿಳಿಯಬೇಕಾದರೆ ಕೌನಸ್ ಎಂತಹ ಊರೆಂದು ತಿಳಿದಿರಬೇಕು. ಇದು ಬ್ಯಾಸ್ಕೆಟ್‌ಬಾಲ್ ದಿಗ್ಗಜ ಅರ್ವಿದಾಸ್ ಸಬೋನಿಸ್ ಹುಟ್ಟಿದ ಊರು, ಬ್ಯಾಸ್ಕೆಟ್‌ಬಾಲ್ ಇಲ್ಲಿ ಮನೆಮಾತು. ಕ್ರೀಡಾಂಗಣದ ಸಮೀಪದಲ್ಲೇ ಇರುವ ಸಭಾಂಗಣದಲ್ಲಿ 1939ರ ಯುರೋಪಿಯನ್ ಬ್ಯಾಸ್ಕೆಟ್‌ಬಾಲ್ ಕಿರೀಟವನ್ನು ಲಿಥುವೇನಿಯಾ ಗೆದ್ದಿತ್ತು. ಕ್ರೀಡಾಂಗಣಕ್ಕೆ ಹೆಸರು ಕೊಟ್ಟ ವಿಮಾನ ಚಾಲಕ ಸ್ಟೆಪೋನಸ್ ದಾರಿಯುಸ್ ಸ್ವತಃ ದೇಶದ ಫುಟ್‌ಬಾಲ್ ತಂಡದಲ್ಲಿ ಆಡಿದವನಾದರೂ, ಬ್ಯಾಸ್ಕೆಟ್‌ಬಾಲನ್ನು ಇಲ್ಲಿ ಬೇರೂರಿಸಿದವರಲ್ಲಿ ಅವನೂ ಒಬ್ಬ. ಮೂವತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ಈ ದೇಶದಲ್ಲಿ ಎತ್ತರದ ಹುಡುಗನೊಬ್ಬ ಫುಟ್‌ಬಾಲ್ ಆಯ್ದುಕೊಳ್ಳುವುದೇ ದಿಟ್ಟತನ ಎಂಬುದು ಶಿಕ್ಷಕರ ಅಭಿಪ್ರಾಯ. ಅದು ಅತಿಶಯೋಕ್ತಿಯೆಂದು ನನಗೂ ಅನ್ನಿಸಲಿಲ್ಲ.

ಸ್ಟಾಂಕೆವಿಚ್ಯುಸ್ ಪಾನೆವೆಝೀಸ್ ಪಟ್ಟಣದ ಎಕ್ರಾನಸ್ ತಂಡದಿಂದ ಇಟಲಿಯ ಬ್ರೆಷಾಕ್ಕೆ ಹೋದ. ಇಟಲಿಯ ಹೆಸರಾಂತ ಆಟಗಾರ ರೊಬೆರ್ತೊ ಬಾಜ್ಜೊ ಆಗಿನ್ನೂ ಅಲ್ಲಿ ಆಡುತ್ತಿದ್ದ. 2005ರಲ್ಲಿ ಬ್ರೆಷಾ ಕೆಳಗಿನ ದರ್ಜೆಗೆ ಜಾರಿದಾಗಲೂ ತಂಡವನ್ನು ಬಿಡದೆ, 2008ರಲ್ಲಿ ಇಟಲಿಯದೇ ಸಂಪ್ಡೋರಿಯಾ ಸೇರುವ ಮೂಲಕ ಮತ್ತೆ ಮೇಲಿನ ದರ್ಜೆಗೆ ಬಂದ. ಆ ಮೂರು ವರ್ಷಗಳನ್ನು ವಿವರಿಸುವಾಗ ಶಿಕ್ಷಕರ ದನಿ ಬಿಸಿಯೇರಿತ್ತು, ಏಕೆಂದರೆ ಅವರ ದೃಷ್ಟಿಯಲ್ಲಿ ಒಬ್ಬ ರಕ್ಷಕ ರೂಪುಗೊಳ್ಳುವುದು ಯಾರೂ ನೋಡದ ಅಂತಹ ವರ್ಷಗಳಲ್ಲಿಯೇ. 2010ರ ಆರಂಭದಲ್ಲಿ ಎರವಲಾಗಿ ಸ್ಪೇನಿನ ಸೆವಿಯಾ ತಂಡಕ್ಕೆ ಹೋದ. ಆ ವಸಂತದಲ್ಲಿ ಸೆವಿಯಾ ಸ್ಪೇನಿನ ರಾಜನ ಕಪ್ ಗೆದ್ದಿತು. ಅನಂತರ ವಲೆನ್ಸಿಯಾ, ಲಾಜಿಯೊ, ಟರ್ಕಿಯ ಗಾಝಿಯಾನ್ತೆಪ್‌ಸ್ಪೋರ್ ತಂಡಗಳು.

ಆದರೆ ಅವರು ಮನಸಾರೆ ನೆನೆದದ್ದು 2008ರ ಸೆಪ್ಟೆಂಬರ್ 6ರಂದು ಕ್ಲೂಜ್‌ನಲ್ಲಿ ನಡೆದ ವಿಶ್ವಕಪ್ ಅರ್ಹತಾ ಪಂದ್ಯವನ್ನು. ಕೆಲವೇ ತಿಂಗಳ ಹಿಂದೆ ಯೂರೋ ಕೂಟದಲ್ಲಿ ಫ್ರಾನ್ಸ್ ಮತ್ತು ಇಟಲಿಗಳನ್ನು ಡ್ರಾದಲ್ಲಿ ತಡೆದು ನಿಲ್ಲಿಸಿದ್ದ ರೊಮೇನಿಯಾವನ್ನು ಅದರ ನೆಲದಲ್ಲೇ ಲಿಥುವೇನಿಯಾ 3-0ರಿಂದ ಸೋಲಿಸಿತು. ಮೊದಲ ಗೋಲು ರಕ್ಷಕ ಸ್ಟಾಂಕೆವಿಚ್ಯುಸ್‌ನದು. ಆದರೆ ಗೋಲಿಗಿಂತ ಎದುರಾಳಿಯ ಆ ಸೊನ್ನೆಯೇ ದೊಡ್ಡದೆಂದು ಶಿಕ್ಷಕರು ಹೇಳಿದರು.

ಮನೆಗೆ ಹೊರಟಾಗ ಅವರು, ಸಾಧನೆಯಲ್ಲಿ ಲಿಥುವೇನಿಯಾದ ಇನ್ನೊಬ್ಬ ಆಟಗಾರ ಡೇವಿಡಾಸ್ ಷೆಂಬೆರಸ್ ಇನ್ನೂ ಮೇಲು, 2005ರಲ್ಲಿ ಯುರೋಪಿನ ಕ್ಲಬ್‌ಗಳ ಯುಎಫಾ ಕಪ್ ಗೆದ್ದ ಸಿಎಸ್‌ಕೆಎ ಮಾಸ್ಕೋ ತಂಡದಲ್ಲಿ ಅವನಿದ್ದ ಎಂದು ವಾದಿಸಿದರು. ನಾನು ಒಪ್ಪಲಿಲ್ಲ. ಒಂದೇ ದೊಡ್ಡ ಕ್ಲಬ್ಬಿನಲ್ಲಿ ಹತ್ತು ವರ್ಷ ನೆಲೆ ನಿಂತು ಪದಕ ಗಳಿಸುವುದು ಒಂದು ಬಗೆಯಾದರೆ, ಊರೂರು ಬದಲಾಯಿಸುತ್ತ ಪ್ರತಿ ಸಲವೂ ಹೊಸ ಭಾಷೆಯಲ್ಲಿ, ಹೊಸ ಜೊತೆಗಾರರ ನಡುವೆ ಆ ರಕ್ಷಣಾ ಸಾಲನ್ನು ಕಟ್ಟಿಕೊಳ್ಳಬೇಕಾದ ರಕ್ಷಕನ ಕಷ್ಟವೇ ಬೇರೆ, ಅದಕ್ಕೇ ನನ್ನ ಮತ ಎಂದೆ.